ಗಿಡಕ್ಕೆ ಹಚ್ಚಿ ಉಳಿದದ್ದು

ನಾನು ಸರಕಾರಿ ದವಾಖಾನೆಯ ನರ್ಸು. ಮುದ್ದೇಬಿಹಾಳದಲ್ಲಿ ನೌಕರಿಗೆ ಸೇರಿ, ಸಿಂದಗಿಯಲ್ಲಿ ಮಕ್ಕಳನ್ನು ಹೆತ್ತು, ಈಗ ಕೆಲವು ವರ್ಷಗಳಿಂದ ಇಂಡಿಯಲ್ಲಿದ್ದೇನೆ. ಊರು ಬದಲಾದರೂ ನನ್ನ ಪಾಲಿಗೆ ಬರುವ ಕೋಣೆ ಬದಲಾಗಲಿಲ್ಲ, ಎಲ್ಲ ಕಡೆಯೂ ಡ್ರೆಸಿಂಗ್ ರೂಮಿಗೇ ಹಾಕಿದರು. ನನ್ನ ಕೈ ಹಗುರ ಎಂದು ಡಾಕ್ಟರುಗಳು ಎದುರಿಗೇ ಹೇಳುತ್ತಿದ್ದರು. ಬಾಯಿ ಜೋರು ಎಂಬುದನ್ನು ಬೆನ್ನ ಹಿಂದೆ ಹೇಳಿಕೊಳ್ಳುತ್ತಿದ್ದರು.

ಇಷ್ಟು ವರ್ಷಗಳಲ್ಲಿ ಬರಿಯ ಗಾಯ ಹೊತ್ತು ಬಂದವರನ್ನು ನಾನು ಕಂಡದ್ದು ಕಡಿಮೆ. ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದು ಅನ್ನುತ್ತಾರಲ್ಲ, ಹಾಗೆ ನಮ್ಮ ಜನ ದವಾಖಾನೆಗೆ ಬರಿಗಾಯದಲ್ಲಿ ಬರುವುದಿಲ್ಲ. ಏನಾದರೊಂದನ್ನು ಮೆತ್ತಿಕೊಂಡೇ ಬರುತ್ತಾರೆ. ಮುದ್ದೇಬಿಹಾಳದಲ್ಲಿ ಪರ್ಸಿ ಹಾಸುಗಲ್ಲು ಕೊಯ್ಯುವವರು ಹರಿದ ಬೆರಳಿಗೆ ಅದೇ ಕಲ್ಲಿನ ಹಿಟ್ಟು ತುಂಬಿಕೊಂಡು ಬರುತ್ತಿದ್ದರು. ಕೇಳಿದರೆ, ಹರಿದದ್ದು ಕಲ್ಲು, ಮಾಯಿಸಬೇಕಾದದ್ದೂ ಕಲ್ಲೇ ಎಂಬ ನ್ಯಾಯ. ಆ ಹಿಟ್ಟು ರಕ್ತ ಕುಡಿದು ಮನೆಯ ನೆಲಕ್ಕೆ ಹಾಸುವಷ್ಟು ಗಟ್ಟಿಯಾಗಿರುತ್ತಿತ್ತು. ಅದನ್ನು ತೋಯಿಸಿ ತೆಗೆಯುವುದರಲ್ಲಿ ನನ್ನ ಅರ್ಧ ದಿನ ಹೋಗುತ್ತಿತ್ತು.

ಸಿಂದಗಿಗೆ ಹೋದರೆ ಅಲ್ಲಿ ಕಾವಿ. ಹಬ್ಬಕ್ಕೆ ಗೋಡೆಯ ಬುಡಕ್ಕೆ ಪಟ್ಟಿ ಎಳೆದು ಉಳಿದ ಕಾವಿಯನ್ನು ಮಕ್ಕಳ ಮೊಣಕಾಲಿಗೂ ಎಳೆದು ಕಳಿಸುತ್ತಿದ್ದರು. ಇಂಡಿಗೆ ಬಂದ ಮೇಲೆ ಝಳಕಿಯ ಹೆದ್ದಾರಿ ಗ್ಯಾರೇಜಿನವರ ಪರಿಚಯವಾಯಿತು. ಅವರು ಗಾಯಕ್ಕೆ ಗ್ರೀಸು ತುಂಬಿ, ಸರ್ವಿಸಿಂಗ್ ಮುಗಿಸಿಕೊಂಡೇ ಬರುವವರು. ಗ್ರೀಸೂ ಭೂಮಿಯೊಳಗಿನ ಎಣ್ಣೆಯಿಂದಲೇ ಆದದ್ದು, ಭೂಮಿತಾಯಿ ಕೊಟ್ಟದ್ದು ಕೆಡುಕು ಮಾಡುವುದಿಲ್ಲ ಎಂದು ಒಬ್ಬ ನನಗೇ ಪಾಠ ಹೇಳಿದ್ದ. ಕಡೆಕಡೆಗೆ ನಾನು ಗಾಯದ ಬಣ್ಣ ನೋಡಿ ಊರು ಹೇಳುವ ಮಟ್ಟಕ್ಕೆ ಬಂದೆ. ಗಿಳಿಶಾಸ್ತ್ರದವನ ಪಕ್ಕ ಕೂತಿದ್ದರೆ ನನಗೂ ನಾಲ್ಕು ಗಿರಾಕಿ ಸಿಗುತ್ತಿದ್ದರು.

ಪಟಕದ ಕಲ್ಲಿಗೆ ಮಾತ್ರ ನಾನು ಮರ್ಯಾದೆ ಕೊಡುತ್ತೇನೆ. ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ತೋಯಿಸಿ ಕೆನ್ನೆಗೆ ಉಜ್ಜುವ ಆ ಬಿಳಿ ಕಲ್ಲು ಚಿಕ್ಕ ಗೀರಿನ ರಕ್ತವನ್ನು ನಿಲ್ಲಿಸುತ್ತದೆ, ಅದು ಸುಳ್ಳಲ್ಲ. ಆದರೆ ನಮ್ಮವರಿಗೆ ಒಂದು ಗುಣ. ಗೀರಿಗೆ ನಡೆದದ್ದು ಕೊಡಲಿ ಏಟಿಗೂ ನಡೆಯಲೇಬೇಕು ಎನ್ನುತ್ತಾರೆ. ಸುಣ್ಣವೂ ಹಾಗೆಯೇ. ಪೆಟ್ಟು ಬಿದ್ದು ಬಾತ ಜಾಗಕ್ಕೆ ಸುಣ್ಣ ಬೆಲ್ಲ ಕಲಸಿ ಹಚ್ಚುವುದು ನನ್ನ ತವರಿನಲ್ಲೂ ಇತ್ತು. ಅದನ್ನೇ ಬಾಯಿ ತೆರೆದ ಗಾಯಕ್ಕೆ ಹಚ್ಚಿದರೆ ಸುಟ್ಟು ಬೊಬ್ಬೆ ಬರುತ್ತದೆ. ಬೊಬ್ಬೆ ಬಂದರೆ, ನೋಡಿದ್ರಾ, ಔಷಧ ಹತ್ತಿತು ಎಂದು ಖುಷಿಪಡುವವರಿಗೆ ನಾನು ಏನು ಹೇಳಲಿ?

ನೀಲಿ ಗಾಯ ಬಂದರೆ ನಾನು ಊರು ಕೇಳುತ್ತಿರಲಿಲ್ಲ. ನೀಲಿ ಅಂದರೆ ನಮ್ಮೂರು. ಇನ್ನೂ ಸರಿಯಾಗಿ ಹೇಳಬೇಕೆಂದರೆ ನಮ್ಮ ಮನೆ, ನನ್ನ ಅತ್ತೆಯ ಕೈ.

ಗಂಡನ ಮನೆ ಹೊರ್ತಿ ಹತ್ತಿರದ ಒಂದು ಊರು, ಇಂಡಿಗೆ ವರ್ಗವಾದ ಮೇಲೆ ನಾನು ಅಲ್ಲಿಂದಲೇ ಡ್ಯೂಟಿಗೆ ಓಡಾಡುತ್ತೇನೆ. ಲಿಂಬೆ ತೋಟ. ಲಿಂಬೆಯ ಬಗ್ಗೆ ಪೇಟೆಯವರಿಗೆ ಗೊತ್ತಿರುವುದು ಹಣ್ಣು ಮತ್ತು ಷರಬತ್ತು. ನಮಗೆ ಗೊತ್ತಿರುವುದು ಮುಳ್ಳು. ಹಣ್ಣು ಹರಿಯುವ ಕಾಲದಲ್ಲಿ ನಮ್ಮ ಮನೆಯ ಯಾರ ಮುಂಗೈ ನೋಡಿದರೂ ಬೆಕ್ಕಿನ ಜೊತೆ ಜಗಳ ಆಡಿದ ಹಾಗೆ ಇರುತ್ತದೆ. ಮಳೆಗಾಲಕ್ಕೆ ಮುಂಚೆ ಗಿಡದ ಒಣ ಟೊಂಗೆಗಳನ್ನು ಕಡಿದು, ಕಡಿದ ಜಾಗಕ್ಕೂ ಬೊಡ್ಡೆಗೂ ಮೈಲುತುತ್ತ ಮತ್ತು ಸುಣ್ಣ ಕಲಸಿದ ಸರಿ ಹಚ್ಚುತ್ತಾರೆ. ತಿಳಿ ನೀಲಿ ಬಣ್ಣದ, ಮಜ್ಜಿಗೆಗಿಂತ ಗಟ್ಟಿಯಾದ ಸರಿ. ಗಿಡದ ಗಾಯ ಕೊಳೆಯಬಾರದು ಎಂದು ಮಾಡುವ ಕೆಲಸ ಅದು, ಕೃಷಿ ಇಲಾಖೆಯವರೂ ಹೇಳುತ್ತಾರೆ. ಕೃಷಿ ಇಲಾಖೆಯವರು ಹೇಳದೆ ಬಿಟ್ಟದ್ದನ್ನು ಅತ್ತೆ ತಾವೇ ಸೇರಿಸಿಕೊಂಡಿದ್ದರು. ಗಿಡಗಳೆಲ್ಲ ಮುಗಿದ ಮೇಲೆ ಬಕೆಟ್ಟಿನ ತಳದಲ್ಲಿ ಉಳಿದ ಸರಿಯನ್ನು ಮನೆಯ ಮಂದಿಯ ಗಾಯಗಳಿಗೆ ಹಚ್ಚುವುದು. ಕೊನೆಯ ಗಿಡದ ಪಕ್ಕ ನಾವು ಸಾಲಾಗಿ ನಿಲ್ಲಬೇಕು. ಮೊದಲು ಮಾವ, ಆಮೇಲೆ ನನ್ನ ಗಂಡ, ಆಮೇಲೆ ಆಳುಗಳು, ಕೊನೆಗೆ ಸೊಸೆ. ಗಿಡಕ್ಕೆ ಹಚ್ಚಿದ ಅದೇ ತೆಂಗಿನ ನಾರಿನ ಕುಂಚ.

ಮದುವೆಯಾದ ವರ್ಷ ನಾನೂ ನಿಂತೆ. ಓದಿದ ನರ್ಸು, ಮೂರು ವರ್ಷ ಹಾಸ್ಟೆಲಿನಲ್ಲಿ ಪುಸ್ತಕ ತಿಂದವಳು, ಕೈ ಮುಂದೆ ಮಾಡಿ ನಿಂತೆ. ಹೊಸ ಸೊಸೆಗೆ ಬೇರೆ ಏನು ಮಾಡಲು ಬರುತ್ತದೆ? ಮುಳ್ಳು ಗೀರಿದ ಜಾಗಕ್ಕೆ ಆ ಸರಿ ತಾಗಿದ್ದೇ ತಡ, ಬೆಂಕಿ ಇಟ್ಟಂತಾಗಿ ನಾನು ಚೀರಿದೆ.

"ಗಿಡ ಬಾಯಿ ಮಾಡ್ತೈತೇನು?" ಅಂದರು ಅತ್ತೆ. "ನೀ ಯಾಕ ಬಾಯಿ ಮಾಡ್ತಿ?"

ಮರುದಿನ ನೀಲಿ ಕೈ ಹೊತ್ತು ಮುದ್ದೇಬಿಹಾಳಕ್ಕೆ ಡ್ಯೂಟಿಗೆ ಹೋದೆ. ಅಲ್ಲಿ ನಾನು ಕಲ್ಲಿನ ಹಿಟ್ಟು ಹಚ್ಚಿಕೊಂಡು ಬಂದವರಿಗೆ ಬುದ್ಧಿ ಹೇಳಬೇಕಿತ್ತು. ಅವರು ನನ್ನ ಕೈ ನೋಡುತ್ತ ಬಹಳ ವಿಧೇಯರಾಗಿ ತಲೆ ಆಡಿಸಿದರು.

ಅತ್ತೆಯ ಔಷಧಾಲಯ ಒಂದು ಬಿಸ್ಕಿಟ್ ಡಬ್ಬಿ. ಅದರಲ್ಲಿ ಪಟಕದ ತುಂಡು, ಗಟ್ಟಿ ಸುಣ್ಣ, ಕಾವಿಯ ಉಂಡೆ, ಕಾಗದದಲ್ಲಿ ಕಟ್ಟಿದ ಮೈಲುತುತ್ತ. ಎಲೆ ಇಲ್ಲ, ಬೇರು ಇಲ್ಲ. ಎಲೆ ಒಣಗುತ್ತದೆ, ಬೇರಿಗೆ ಹುಳ ಬೀಳುತ್ತದೆ, ಕಲ್ಲಿಗೆ ಏನೂ ಆಗುವುದಿಲ್ಲ ಎಂಬುದು ಅವರ ಸಿದ್ಧಾಂತ. ಬೆಳಗ್ಗೆ ಕಟ್ಟೆಯ ಮೇಲೆ ಅವರು ಡಬ್ಬಿ ಇಟ್ಟುಕೊಂಡು ಕೂತರೆ, ಕುರಿ ಕಾಯುವವರು, ತೋಟದವರು, ಕುಡುಗೋಲು ತಾಗಿಸಿಕೊಂಡವರು ಬರುತ್ತಿದ್ದರು. ನಾನು ರಜೆಯ ದಿನ ಅದೇ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದರೂ ನನ್ನನ್ನು ದಾಟಿಕೊಂಡೇ ಹೋಗುತ್ತಿದ್ದರು. ನಾ ನೋಡ್ತೇನಿ ಬರ್ರಿ ಅಂದರೆ, ಬ್ಯಾಡ್ರಿ, ನಿಮಗ್ಯಾಕ ತ್ರಾಸ ಅನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯ ಹಿತ್ತಲ ಗಿಡ ನಾನು. ಸರಕಾರ ಸಂಬಳ ಕೊಟ್ಟು ಸಾಕಿದ ಗಿಡ.

ನನಗೆ ಹೊಟ್ಟೆಕಿಚ್ಚು ಇತ್ತೇ? ಇತ್ತು. ಇಲ್ಲ ಎಂದರೆ ನನ್ನ ಗಂಡ ಇದನ್ನು ಓದಿ ನಗುತ್ತಾನೆ.

ಆ ಹೊಟ್ಟೆಕಿಚ್ಚಿಗೆ ಇಂಡಿಯಲ್ಲಿ ಒಂದು ದಾರಿ ಸಿಕ್ಕಿತು. ಒಂದು ದಿನ ನಮ್ಮೂರಿನವನೇ ಒಬ್ಬ ಹಿಮ್ಮಡಿ ಒಡೆದು, ಪಾದ ಪೂರ್ತಿ ನೀಲಿ ಮಾಡಿಕೊಂಡು ಡ್ರೆಸಿಂಗ್ ರೂಮಿಗೆ ಬಂದ. ಡಾಕ್ಟರೂ ಅಲ್ಲೇ ಇದ್ದರು. ಇದನ್ನ ಯಾರು ಹಚ್ಚಿದ್ದು ಎಂದು ಅವರು ಕೇಳಿದರು. ಅವನು ಪಾಪ, ನನ್ನ ಕಡೆ ಕೈ ತೋರಿಸಿ, ಹೆಮ್ಮೆಯಿಂದ ಹೇಳಿದ.

"ಇವರ ಅತ್ತ್ಯಾರ ಹಚ್ಚ್ಯಾರ್ರಿ. ಗಿಡಕ್ಕ ಹಚ್ಚಿ ಉಳದಿತ್ತಂತ."

ಇಡೀ ಕೋಣೆ ನಕ್ಕಿತು. ನಾನು ನಾಚಿಕೊಳ್ಳಬಹುದಿತ್ತು, ಮಾತು ಬದಲಿಸಬಹುದಿತ್ತು. ಅದರ ಬದಲು ನಾನು ಸೆರಗನ್ನು ತಲೆಯ ಮೇಲೆ ಹೊದ್ದು, ಬಾಯಿ ಸ್ವಲ್ಪ ಸೊಟ್ಟ ಮಾಡಿ, ಹತ್ತಿಯ ಉಂಡೆಯನ್ನು ಕುಂಚದ ಹಾಗೆ ಹಿಡಿದು, ಅತ್ತೆಯ ದನಿಯಲ್ಲಿ "ಗಿಡ ಬಾಯಿ ಮಾಡ್ತೈತೇನು?" ಅಂದೆ. ನಗು ಇಮ್ಮಡಿಯಾಯಿತು. ಅಂದಿನಿಂದ ಅದು ನನ್ನ ಖಾಯಂ ಆಟವಾಯಿತು. ಹೊಸ ಡಾಕ್ಟರು ಬಂದರೆ, ಬೇರೆ ಊರಿನ ನರ್ಸು ಬಂದರೆ, ಸಿಸ್ಟರ್, ನಿಮ್ಮ ಅತ್ತೀದು ಒಂದ್ಸಲ ಮಾಡಿ ತೋರಿಸ್ರಿ ಅನ್ನುತ್ತಿದ್ದರು. ನಾನು ಹೆಚ್ಚು ಬೇಡಿಸಿಕೊಳ್ಳುತ್ತಿರಲಿಲ್ಲ. ಆಟ ಬೆಳೆಯುತ್ತಲೂ ಹೋಯಿತು. ಅತ್ತೆ ಡಬ್ಬಿ ತೆಗೆಯುವ ರೀತಿ, ಪಟಕವನ್ನು ನಾಲಗೆಗೆ ತಾಗಿಸಿ ನೋಡುವ ರೀತಿ, ಗಾಯ ಮಾಯದಿದ್ದರೆ ಗಾಯದವನ ನಡತೆಯ ಮೇಲೇ ಸಂಶಯ ಪಡುವ ರೀತಿ, ಎಲ್ಲ ಸೇರಿಸಿದೆ. ರೋಗಿಗಳೂ ನಗುತ್ತಿದ್ದರು. ನಗುವಾಗ ನೋವು ಮರೆಯುತ್ತಾರೆ ಎಂದು ನಾನು ನನಗೇ ಒಂದು ಸರ್ಟಿಫಿಕೇಟನ್ನೂ ಕೊಟ್ಟುಕೊಂಡಿದ್ದೆ.

ಇದು ಊರಿಗೆ ಮುಟ್ಟಿರಲಿಕ್ಕಿಲ್ಲ ಎಂದು ನಂಬಿದ್ದೆ. ಇಂಡಿಯಲ್ಲಿ ಸೀನಿದರೆ ಹೊರ್ತಿಯಲ್ಲಿ ಕಷಾಯ ಕುದಿಸುವ ಜನ ನಾವು. ಆದರೂ ನಂಬಿದ್ದೆ.

ಹೋದ ವರ್ಷ ಅತ್ತೆಗೆ ಇದ್ದಕ್ಕಿದ್ದಂತೆ ಭಕ್ತಿ ಬಂತು. ಬಸವನ ಬಾಗೇವಾಡಿಯ ಬಸವಣ್ಣನಿಗೆ ಹರಕೆ ಹೊತ್ತಿದ್ದೇನೆ, ಸೋಮವಾರ, ಗುರುವಾರ ಹೋಗಿಬರಬೇಕು ಅಂದರು. ಎಷ್ಟು ವಾರ ಎಂದು ಕೇಳಿದರೆ, ಅದನ್ನ ಅವನ ಹೇಳ್ತಾನ ಅಂದರು. ನಮ್ಮೂರಿನಿಂದ ಹೊರ್ತಿಗೆ ಬಂದು, ವಿಜಯಪುರದ ಬಸ್ಸು ಹತ್ತಿ, ಅಲ್ಲಿ ಇಳಿದು ಬಾಗೇವಾಡಿ ಬಸ್ಸು ಹಿಡಿಯಬೇಕು. ಎಪ್ಪತ್ತು ದಾಟಿದ, ಶುಗರ್ ಇರುವ ಹೆಂಗಸು. ನಾನು ಬೇಡ ಅಂದೆ. ಹೆಂಗಸರಿಗೆ ಬಸ್ಸು ಫ್ರೀ ಐತಿ, ದೇವರಿಗೆ ಹೋಗಾಕ ಏನು ಬೇನಿ ಅಂದರು. ಬಸ್ಸು ಫ್ರೀ ಆದ ಮೇಲೆ ನಮ್ಮ ಜಿಲ್ಲೆಯ ದೇವರುಗಳಿಗೆಲ್ಲ ಕೈತುಂಬ ಕೆಲಸ ಬಂದಿದೆ, ಇವರೊಬ್ಬರು ಕಡಿಮೆ ಇದ್ದರು ಎಂದು ನಾನು ಗಂಡನ ಮುಂದೆ ಹೇಳಿದೆ. ಅತ್ತೆ ಪಕ್ಕದ ಕೋಣೆಯಲ್ಲೇ ಇದ್ದರು.

ಹರಕೆಗೆ ಇನ್ನೊಂದು ನೇಮವೂ ಇತ್ತು. ಅದು ಮುಗಿಯುವ ತನಕ ಅವರು ಒಲೆ ಮುಟ್ಟುವುದಿಲ್ಲವಂತೆ, ರೊಟ್ಟಿ ಬಡಿಯುವುದಿಲ್ಲವಂತೆ. ಹರಕೆ ಅವರದು, ರೊಟ್ಟಿ ನನ್ನದು. ಡ್ಯೂಟಿಗೆ ಹೋಗುವ ಮುಂಚೆ ಮನೆಮಂದಿಗೆಲ್ಲ ರೊಟ್ಟಿ ಬಡಿಯುತ್ತ, ಇಷ್ಟು ಜಾಣ ದೇವರನ್ನು ನಾನು ಎಲ್ಲೂ ನೋಡಿಲ್ಲ ಎಂದು ಗೊಣಗುತ್ತಿದ್ದೆ.

ಅದೇ ಸುಮಾರಿಗೆ ಅವರ ಬಲಗೈ ತೋರುಬೆರಳಿಗೆ ನೀಲಿ ಬಟ್ಟೆ ಬಂತು. ಹಳೆಯ ಧೋತರದ ಚಿಂದಿ, ಮೇಲೆ ದಪ್ಪಗೆ ಮೈಲುತುತ್ತದ ಸರಿ. ಏನಾಗೇತಿ ಎಂದು ಕೇಳಿದೆ. ಲಿಂಬೆ ಮುಳ್ಳು ಅಂದರು. ತೋರಿಸ್ರಿ ಅಂದೆ. ಕೈ ಸೆರಗಿನೊಳಗೆ ಹೋಯಿತು. ಶುಗರ್ ಇದ್ದವರು ಬೆರಳಿನ ಗಾಯವನ್ನು ಹೀಗೆ ಮುಚ್ಚಿಟ್ಟರೆ ಬೆರಳೇ ಹೋಗುತ್ತದೆ ಎಂದು ನಾನು ಹೇಳಬೇಕಿತ್ತು. ಹೇಳಿದೆನೋ ಏನೋ. ನೆನಪಿರುವುದು ಬೇರೆ. ದಿನಾ ಬೆಳಗ್ಗೆ ಚಹಾ ಕೊಡುವಾಗ, ಏನ್ರಿ ಅತ್ತಿ, ಬೆರಳು ಚಿಗುರಿತೇನು, ಈ ಸಲ ಹಣ್ಣು ಬಿಡ್ತೈತೇನು ಎಂದು ಕೇಳುತ್ತಿದ್ದೆ. ಅವರು ಎಡಗೈಯಲ್ಲಿ ಕಪ್ಪು ತೆಗೆದುಕೊಂಡು ಸುಮ್ಮನೆ ಕುಡಿಯುತ್ತಿದ್ದರು. ಯಾವಾಗಲೂ ನನಗೆ ಒಂದಕ್ಕೆ ಎರಡು ತಿರುಗಿಸುವ ಹೆಂಗಸು ಸುಮ್ಮನಿದ್ದರೆ ನಾನು ಗೆದ್ದೆ ಅಂದುಕೊಂಡೆ.

ಮೂರು ವಾರವಾದರೂ ಬಟ್ಟೆ ಇಳಿಯಲಿಲ್ಲ. ಒಂದು ಬುಧವಾರ ನನಗೆ ವಾರದ ರಜೆ. ಅತ್ತೆ ಕಟ್ಟೆಯ ಮೇಲೆ ಕೂತು ಎಡಗೈಯಲ್ಲಿ ಹೇನು ಆರಿಸುವವರಂತೆ ಬೇಳೆ ಆರಿಸುತ್ತಿದ್ದರು. ಬಲಗೈಯನ್ನು ಮಡಿಲಲ್ಲಿ ಕೂಸಿನ ಹಾಗೆ ಇಟ್ಟುಕೊಂಡಿದ್ದರು. ಅದನ್ನು ನೋಡಿ ನನಗೆ ಒಮ್ಮೆಲೇ ಹೆದರಿಕೆಯಾಯಿತು. ಶುಗರ್ ಗಾಯದಲ್ಲಿ ಕಪ್ಪಾದ ಎಷ್ಟು ಬೆರಳುಗಳನ್ನು ನೋಡಿದ್ದೇನೆ! ಅವು ಯಾರ ಯಾರ ಬೆರಳುಗಳೋ ಆಗಿದ್ದವು. ಇದು ನನ್ನ ಇಬ್ಬರೂ ಮಕ್ಕಳಿಗೆ ಎಣ್ಣೆ ತಿಕ್ಕಿ ಎರೆದ ಕೈಯ ಬೆರಳು.

ಹೆದರಿಕೆ ಬಂದಾಗ ನಾನು ಬೈಯುತ್ತೇನೆ. ಬೈಯುತ್ತಲೇ ಬಿಸಿನೀರು ತಂದೆ, ಕತ್ತರಿ ತಂದೆ, ಅವರ ಮಣಿಕಟ್ಟು ಹಿಡಿದೆ. ಊರಿಗೆಲ್ಲ ಸುಣ್ಣ ಬಳಿದು ಸಾಕಾಗಲಿಲ್ಲ, ಈಗ ಸ್ವಂತ ಬೆರಳು ಕೊಳೆಸಿಕೊಳ್ಳಬೇಕು, ನಾಳೆ ಬೆರಳು ಕತ್ತರಿಸಿದ ಮೇಲೆ ಆ ಮೋಟಿಗೂ ಬಕೆಟ್ಟಿನಲ್ಲಿ ಉಳಿದದ್ದನ್ನು ಹಚ್ಚಿಕೊಳ್ಳಿರಿ ಅಂದೆ. ಅವರು ಕೈ ಎಳೆದುಕೊಳ್ಳಲು ನೋಡಿದರು. ಬಿಡು, ಬಿಡು ಅಂದರು. ನಾನು ಬಿಡಲಿಲ್ಲ. ಡ್ರೆಸಿಂಗ್ ರೂಮಿನಲ್ಲಿ ಇಷ್ಟು ವರ್ಷ ಕೈ ಹಿಡಿದವಳ ಹಿಡಿತ.

ನೀಲಿ ಚಿಂದಿ ಕತ್ತರಿಸಿದೆ. ಅದರ ಕೆಳಗೆ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ತುಂಡು ಸುತ್ತಿತ್ತು. ಅದನ್ನೂ ಬಿಡಿಸಿದೆ. ಕೆಳಗೆ ಬೆಳ್ಳಗೆ, ಒಂದು ಹನಿ ನೀಲಿಯೂ ತಾಗದ ಹಾಗೆ, ಬ್ಯಾಂಡೇಜು.

ದವಾಖಾನೆಯ ಬ್ಯಾಂಡೇಜು. ಬುಡದಿಂದ ತುದಿಗೆ ಓರೆಯಾಗಿ ಸುತ್ತಿ, ಕೊನೆಯನ್ನು ಸೀಳಿ, ಮಣಿಕಟ್ಟಿಗೆ ತಂದು ಪುಟ್ಟ ಗಂಟು ಹಾಕಿದ್ದರು. ಒಬ್ಬೊಬ್ಬ ನರ್ಸಿನ ಕಟ್ಟು ಒಂದೊಂದು ಥರ ಇರುತ್ತದೆ, ನಮಗೆ ಗೊತ್ತಾಗುತ್ತದೆ. ಇದು ನನ್ನ ಜೊತೆಗಿನವರ ಯಾರ ಕೈಯದೂ ಅಲ್ಲ. ಬಿಚ್ಚಿದೆ. ಬೆರಳಿಗೆ ಉಗುರು ಇರಲಿಲ್ಲ. ತುದಿಯ ಒಂದು ಪಕ್ಕದ ಸತ್ತ ಮಾಂಸವನ್ನು ಕೊಯ್ದು ತೆಗೆದಿದ್ದರು. ಉಳಿದ ಕಡೆ ಕೆಂಪಗೆ ಹೊಸ ಮಾಂಸ ಏಳುತ್ತಿತ್ತು. ಕೀವಿಲ್ಲ, ವಾಸನೆಯಿಲ್ಲ. ಬೆರಳು ಉಳಿದಿತ್ತು. ಯಾರೋ ಬಹಳ ಚೆನ್ನಾಗಿ ಕೆಲಸ ಮಾಡಿದ್ದರು.

ಅಂದರೆ ಆ ಉಗುರು ಕೀಳಿಸಿಕೊಂಡು ಬಂದ ಸಂಜೆಯೂ, ಮರುದಿನ ಬೆಳಗ್ಗೆಯೂ, ನಾನು ಚಹಾ ಕೊಡುತ್ತ ಬೆರಳು ಚಿಗುರಿತೇನು ಎಂದು ಕೇಳಿದ್ದೆ.

ಹರಕೆ ಯಾವುದು ಎಂಬುದು ತಿಳಿಯಿತು. ಸೋಮವಾರ, ಗುರುವಾರ ಬಾಗೇವಾಡಿಯ ದವಾಖಾನೆಯಲ್ಲಿ ಕಟ್ಟು ಬದಲಿಸುವ ದಿನ. ಬಸ್ಸಿನಿಂದ ಇಳಿದು ಮನೆಗೆ ಬರುವ ಮುಂಚೆ ತೋಟಕ್ಕೆ ಹೋಗಿ, ಬ್ಯಾಂಡೇಜಿನ ಮೇಲೆ ಪ್ಲಾಸ್ಟಿಕ್ ಸುತ್ತಿ, ಚಿಂದಿ ಸುತ್ತಿ, ಮೇಲೆ ನೀಲಿ ಬಳಿದುಕೊಂಡು ಬರುತ್ತಿದ್ದರು. ಊರಿಗೇ ಕಲ್ಲಿನ ಔಷಧ ಹಚ್ಚುವವಳು ದವಾಖಾನೆಯ ಬಿಳಿ ಕಟ್ಟು ಹಾಕಿಕೊಂಡು ಕಟ್ಟೆಯ ಮೇಲೆ ಹೇಗೆ ಕೂಡುವುದು? ಅದು ನನಗೂ ಅರ್ಥವಾಗುತ್ತದೆ. ಆದರೆ ಬಾಗೇವಾಡಿ ಯಾಕೆ? ಅಷ್ಟು ದೂರ ಯಾಕೆ? ಮನೆಯಲ್ಲೇ ನರ್ಸು ಇದ್ದಾಳೆ, ಇಂಡಿ ಹತ್ತಿರ ಇದೆ. ನಾನು ಅದನ್ನೇ ಕೇಳಿದೆ. ಈ ಸಲ ದನಿ ತಗ್ಗಿಸಿ ಕೇಳಿದೆ.

ಅತ್ತೆ ಬೇಳೆಯ ಮೊರವನ್ನು ಪಕ್ಕಕ್ಕೆ ಸರಿಸಿದರು. ಸಿಂದಗಿಯಲ್ಲಿ, ಮುದ್ದೇಬಿಹಾಳದಲ್ಲಿ, ವಿಜಯಪುರದ ದೊಡ್ಡ ದವಾಖಾನೆಯಲ್ಲಿ ನನ್ನ ಪರಿಚಯದವರು ಇದ್ದಾರೆ, ಸುದ್ದಿ ಬರುತ್ತದೆ ಎಂದು ಬಾಗೇವಾಡಿ ಹಿಡಿದರಂತೆ. ನನ್ನ ಪರಿಚಯದವರಿಲ್ಲದ ದವಾಖಾನೆ ಅದೊಂದೇ ಉಳಿದದ್ದು.

"ಮೊದಲ ನಿನ್ನ ಕಡೇನ ಬಂದಿದ್ದೆ," ಅಂದರು.

"ಯಾವಾಗ್ರಿ?"

"ಬೆರಳು ಬಾತ ಮ್ಯಾಲೆ. ಮನ್ಯಾಗ ತೋರಿಸಿದ್ರ ನಗ್ತಾಳ, ದವಾಖಾನ್ಯಾಗ ಆದ್ರ ನೌಕರಿ ಐತಿ, ನಗಂಗಿಲ್ಲ ಅಂತ ಇಂಡಿಗೆ ಬಂದೆ. ಪಾಳಿ ಹಚ್ಚಿ ಬಾಗಲತನಕ ಬಂದಿದ್ದೆ. ಒಳಗ ನೀ ಸೆರಗ ಹೊತ್ತು ನನ್ನಂಗ ಮಾತಾಡಿ ತೋರಸಾಕತ್ತಿದ್ದಿ. ಚಲೋ ಮಾಡ್ತಿ. ಥೇಟ್ ನನ್ನಂಗ."

ನಾನು ಕತ್ತರಿ ಕೆಳಗಿಟ್ಟೆ.

"ಪಾಳ್ಯಾಗ ಇದ್ದಾವ್ರು ಎಲ್ಲಾರೂ ನಗಾಕತ್ತಿದ್ರು," ಅಂದರು. "ಒಬ್ಬಾಕಿನ ನಗದ ನಿಂತ್ರ ಗೊತ್ತಾಗ್ತೈತಿ ಅಂತ ನಾನೂ ನಕ್ಕೆ."

ಅದನ್ನು ಸಿಟ್ಟಿನಿಂದ ಹೇಳಿದ್ದರೆ ನನಗೆ ತಡೆದುಕೊಳ್ಳಲು ಬರುತ್ತಿತ್ತು. ಬಸ್ಸು ತಡವಾಯಿತು ಅನ್ನುವಷ್ಟೇ ಸಾದಾ ಹೇಳಿದರು. ಅದು ಯಾವ ದಿನ ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಆ ಆಟವನ್ನು ನಾನು ಅಷ್ಟು ಸಲ ಆಡಿದ್ದೆ. ಬಾಯಿ ಜೋರಿನವಳ ಬಾಯಿಂದ ತಪ್ಪಾಯ್ತ್ರಿ ಎಂಬುದು ಬಂತು, ಅದೂ ಎಷ್ಟು ಸಣ್ಣಗೆ ಬಂತೆಂದರೆ ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಬಿಚ್ಚಿದ್ದನ್ನು ಕಟ್ಟಬೇಕಿತ್ತು. ಮನೆಯಲ್ಲಿ ನನ್ನ ಪೆಟ್ಟಿಗೆ ಇರುತ್ತದೆ, ಗಾಜ್ ತಂದೆ, ಔಷಧ ತಂದೆ. ಅತ್ತೆ ಕೈ ಕೊಟ್ಟರು, ಮುಖ ಬೀದಿಯ ಕಡೆ ಇತ್ತು. ಇನ್ನು ಮುಂದೆ ನಾನೇ ಕಟ್ಟುತ್ತೇನೆ, ಅಷ್ಟು ದೂರ ಹೋಗುವುದು ಬೇಡ ಅಂದೆ.

"ಈಗ ಬರೇ ಸುತ್ತು," ಅಂದರು. "ನಾಳೆ ಗುರುವಾರ ಐತಿ. ಬಾಗೇವಾಡಿ ನರ್ಸ ಅದಾಳಲ್ಲ, ಆಕಿ ನೋಡ್ತಾಳ."

ಸುತ್ತಿ ಮುಗಿಸಿದ ಮೇಲೆ ಅವರು ಕಣ್ಣಿನಲ್ಲೇ ಬಿಸ್ಕಿಟ್ ಡಬ್ಬಿಯ ಕಡೆ ತೋರಿಸಿದರು. ಬೀದಿಯಲ್ಲಿ ಜನ ಓಡಾಡುವ ಹೊತ್ತು. ನಾನು ಡಬ್ಬಿ ತೆಗೆದೆ, ಪ್ಲಾಸ್ಟಿಕ್ ಸುತ್ತಿದೆ, ಚಿಂದಿ ಕಟ್ಟಿದೆ, ಮೈಲುತುತ್ತಕ್ಕೆ ಸುಣ್ಣ ಸೇರಿಸಿ ನೀರು ಹಾಕಿ ಕಲಸಿದೆ. ನೀರು ಜಾಸ್ತಿ ಆಯ್ತು, ಇನ್ನೊಂದು ಚೂರು ಸುಣ್ಣ ಅಂದರು. ಹಾಕಿದೆ. ಸರಕಾರ ತರಬೇತಿ ಕೊಟ್ಟ ನರ್ಸು, ನನ್ನದೇ ಬ್ಯಾಂಡೇಜಿನ ಮೇಲೆ ಗಿಡದ ಔಷಧವನ್ನು ದಪ್ಪಗೆ, ಎಲ್ಲೂ ಬಿಳಿ ಕಾಣದ ಹಾಗೆ ಬಳಿದೆ.

ಮರುದಿನ ರಜೆ ಹಾಕಿ ಅವರ ಜೊತೆ ಹೊರಟೆ. ಬರಬ್ಯಾಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ವಿಜಯಪುರದಲ್ಲಿ ಬಸ್ಸು ಬದಲಿಸುವಾಗ ಯಾವ ಪ್ಲಾಟ್‌ಫಾರ್ಮು, ಯಾವ ಬಸ್ಸಿನಲ್ಲಿ ಜಾಗ ಸಿಗುತ್ತದೆ, ಎಲ್ಲ ಅವರಿಗೆ ಬಾಯಿಪಾಠವಾಗಿತ್ತು. ಕಿಟಕಿ ಪಕ್ಕ ನನ್ನನ್ನು ಕೂಡಿಸಿ ತಾವು ಈಚೆ ಕೂತರು. ಬಲಗೈ ಕಂಬಿಗೆ ತಾಗದಿರಲಿ ಎಂದು ಎಷ್ಟು ಸಲ ಒಬ್ಬರೇ ಹೀಗೆ ಎಡಗೈಯಲ್ಲಿ ಹಿಡಿದು ಕೂತಿದ್ದರೋ. ಬಾಗೇವಾಡಿಯಲ್ಲಿ ಇಳಿದ ಮೇಲೆ ಮೊದಲು ನಿಜವಾಗಿಯೂ ಗುಡಿಗೆ ಹೋದರು. ಹರಕೆ ಸುಳ್ಳು ಎಂದುಕೊಂಡಿದ್ದೆನಲ್ಲ, ಅಷ್ಟೂ ಸುಳ್ಳಲ್ಲ. ಗುಡಿಯ ಹೊರಗಿನ ನಳದಲ್ಲಿ ನೀಲಿಯನ್ನು ತೊಳ್ಕೋತೀರೇನು ಎಂದು ಕೇಳಿದೆ. ಬ್ಯಾಡ, ಆಕಿ ಏನೂ ಅನ್ನಂಗಿಲ್ಲ ಅಂದರು.

ಅಲ್ಲಿಯ ನರ್ಸು ಚಿಕ್ಕ ಹುಡುಗಿ, ನನ್ನ ದೊಡ್ಡ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಅತ್ತೆಯನ್ನು ಕಂಡು, ಬರ್ರಿ ಅಮ್ಮಾ, ಉಂಡು ಬಂದೀರಿಲ್ಲೋ ಎಂದು ಕೇಳಿದಳು. ನೀಲಿ ಚಿಂದಿಯನ್ನು ಕತ್ತರಿಸಿ, ಪ್ಲಾಸ್ಟಿಕ್ ಬಿಡಿಸಿ, ಏನೂ ಅನ್ನದೆ ಬುಟ್ಟಿಗೆ ಹಾಕಿದಳು. ಪ್ರತಿ ಸಲ ಹೀಗೆಯೇ ಮಾಡಿರಬೇಕು. ಒಳಗಿನ ಕಟ್ಟು ತನ್ನದಲ್ಲ ಎಂದು ಕೂಡಲೇ ಗೊತ್ತಾಯಿತು. ತಲೆ ಎತ್ತಿ ನನ್ನ ಕಡೆ ನೋಡಿ, ಇವರು ಯಾರ್ರಿ ಎಂದು ಅತ್ತೆಯನ್ನು ಕೇಳಿದಳು.

ನಾನೂ ನರ್ಸು, ಇಂಡಿಯಲ್ಲಿ ಇದ್ದೇನೆ ಎಂದು ಹೇಳಲು ಬಾಯಿ ತೆರೆದೆ. ಅತ್ತೆ ನನಗಿಂತ ಮೊದಲು ಹೇಳಿದರು.

"ನಮ್ಮ ಸೊಸಿ. ತ್ವಾಟದ ಕೆಲಸ ಮಾಡ್ತಾಳ."

ಹುಡುಗಿ ನನ್ನ ಕೈಗಳನ್ನು ನೋಡಿದಳು. ಮುಂಗೈ ಮೇಲೆ ಮುಳ್ಳಿನ ಗೀರುಗಳಿದ್ದವು, ಉಗುರಿನ ಸಂದಿಯಲ್ಲಿ ನಿನ್ನೆಯ ನೀಲಿ ಉಳಿದಿತ್ತು. ನಂಬದಿರಲು ಅವಳಿಗೆ ಕಾರಣವಿರಲಿಲ್ಲ. ಓದು ಬಾರದವರಿಗೆ ಹೇಳುವ ಹಾಗೆ ನಿಧಾನವಾಗಿ, ಬೆರಳು ಎಣಿಸಿ ಹೇಳಿದಳು. ಕಟ್ಟು ತೋಯಬಾರದು, ಮನೆಯಲ್ಲಿ ಬಿಚ್ಚಬಾರದು, ಶುಗರಿನ ಗುಳಿಗೆ ತಪ್ಪಬಾರದು, ಸುಣ್ಣ ಗಿಣ್ಣ ಒಳಗೆ ಇಳಿಯದ ಹಾಗೆ ನೋಡಿಕೊಳ್ಳಬೇಕು. ತಿಳೀತೇನ್ರಿ ಎಂದು ಕೇಳಿದಳು. ತಿಳೀತ್ರಿ ಅಂದೆ. ಬೆರಳು ಮಡಿಸಲು ಸ್ವಲ್ಪ ಬಿಗಿಯಾಗಬಹುದು, ಆದರೆ ಬೆರಳಿಗೆ ಭಯವಿಲ್ಲ, ಇನ್ನು ಎರಡು ವಾರ ಬಂದರೆ ಸಾಕು ಅಂದಳು.

"ಈಗ ನೀವು ಸ್ವಲ್ಪ ಹೊರಗ ಕುಂದರ್ರಿ," ಅಂದಳು. "ಪೇಶಂಟ್ ಕಡೆಯವ್ರು ಒಳಗ ಇರಂಗಿಲ್ಲ."

ನಾನು ಅತ್ತೆಯ ಕಡೆ ನೋಡಿದೆ. ಅವರು ಆಗಲೇ ಬಲಗೈಯನ್ನು ಆ ಹುಡುಗಿಯ ಕೈಯಲ್ಲಿ ಇಟ್ಟು ಕಣ್ಣು ಮುಚ್ಚಿದ್ದರು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ.